ಬಾಣಂತನಕ್ಕ ಹೊಂಟ ಅವ್ವನ ಕೈ ಬರೀಗೈ ಯಾಕ?

ಹುಬ್ಬಳ್ಳಿ-ಧಾರವಾಡದಾಗ ಈಗ ಯಾವ ಓಣಿಗೆ ಹೋದ್ರೂ ಅಮೆರಿಕಾಕ್ಕೋ ಲಂಡನ್ನಿಗೋ ಮಗಳ ಬಾಣಂತನಕ್ಕ ಹೋಗಿ ಬಂದ ಒಬ್ಬ ಅವ್ವ ಸಿಕ್ಕೇ ಸಿಗ್ತಾಳ. ಬ್ಯಾಗಿನ್ಯಾಗ ಏನೇನು ತುಂಬಿಕೊಂಡು ಹೋಗಿದ್ದಿ ಅಂತ ಕೇಳ್ರಿ, ಹರಳು ಹುರಿದಂಗ ಹೇಳ್ತಾಳ. ಅಂಟಿನುಂಡಿ, ಮಸಾಲಿ ಖಾರ, ಶೇಂಗಾ ಚಟ್ನಿ, ಕಡಕ್ ರೊಟ್ಟಿ, ಕೂಸಿಗೆ ಕುಂಚಗಿ, ಬಜಿ, ತಲಿಗೆ ಹಾಕೋ ಎಣ್ಣಿ. ಕೈಯಾಗ ರೊಕ್ಕ ಎಷ್ಟಿತ್ತು ಅಂತ ಕೇಳ್ರಿ, ಸುಮ್ಮನಾಗ್ತಾಳ. ಆಮ್ಯಾಲೆ ನಕ್ಕೋತ ಅಂತಾಳ, "ನಂಗ್ಯಾಕ ಬೇಕಿತ್ತವಾ ರೊಕ್ಕ, ಅಳಿಯಾ ಇದ್ನೆಲ್ಲಾ."

ನನ್ನ ತಕರಾರು ಈ ಮಾತಿನ ಮ್ಯಾಲೇ. ಅಳಿಯ ಬಂಗಾರದಂಥಾಂವ ಇರಬಹುದು, ಮಗಳು ಮುತ್ತಿನಂಥಾಕಿ ಇರಬಹುದು, ಅವರ ಮ್ಯಾಲೆ ನಂದೇನೂ ಸಿಟ್ಟಿಲ್ಲ. ಐದಾರು ತಿಂಗಳ ಪರದೇಶದಾಗ ಇರಾಕ ಹೊಂಟ ಹೆಣ್ಣುಮಗಳನ್ನ, ತನ್ನ ಕೈಯಾರೆ ಒಂದು ಪೈಸಾ ಖರ್ಚು ಮಾಡಾಕ ಬರದಂಗ ವಿಮಾನ ಹತ್ತಿಸಿ ಕಳಸ್ತೀವಲ್ಲಾ, ಆ ನಮ್ಮ ಮನಿತನದ ಮ್ಯಾಲೆ ಸಿಟ್ಟು. ನನ್ನ ಮಾತು ಇಷ್ಟರಿ: ತನ್ನ ಹೆಸರಿನ ಖಾತೆಯ ಕಾರ್ಡು, ತಾನ ಇಟ್ಟ ಪಿನ್ನು, ತನ್ನ ಮೊಬೈಲಿಗೆ ಬರೋ ಮೆಸೇಜು, ಈ ಮೂರೂ ಇಲ್ಲದ ಯಾವ ಅವ್ವನೂ ಹೊಸ್ತಿಲ ದಾಟಬಾರದು. ಪಾಸ್‌ಪೋರ್ಟ್ ಮಾಡಿಸಾಕ ಓಡಾಡಿದ್ರೆಲ್ಲಾ, ವೀಸಾದ ಸಲುವಾಗಿ ಊರೂರು ತಿರುಗಿದ್ರೆಲ್ಲಾ, ಅದರಾಗ ಇದಕ್ಕೊಂದು ಮುಂಜಾನಿ ಸಿಗಂಗಿಲ್ಲೇನು?

ನಮ್ಮ ಕಡೆ ಪದ್ಧತಿ ಏನೈತಿ ಅಂತ ಒಮ್ಮೆ ನೆನಸಿಕೊಳ್ರಿ. ಚೊಚ್ಚಲ ಬಾಣಂತನ ತವರುಮನಿದು. ದವಾಖಾನಿ ಖರ್ಚು ತವರವರದು, ಬಾಣಂತಿ ಊಟ ತವರವರದು, ತೊಟ್ಟಿಲ ತವರವರದು. ಅಳಿಯನ ಮುಂದ ಕೈ ಚಾಚೋದು ಅಂದ್ರ ನಮ್ಮ ಹಿರ್ಯಾರಿಗೆ ಜೀವಾ ಹೋದಂಗ ಆಗ್ತಿತ್ತು. ಇದ ಪದ್ಧತಿ ಸಮುದ್ರ ದಾಟಿದ ಕೂಡ್ಲೆ ತಲಿಕೆಳಗ ಆಗತೈತಿ, ಮತ್ತ ಅದನ್ನ ಯಾರೂ ಮಾತಾಡಂಗಿಲ್ಲ. ನನಗ ಪರಿಚಯದ ಒಬ್ಬ ವೈನಿ ನ್ಯೂಜೆರ್ಸಿಯೊಳಗ ಐದು ತಿಂಗಳಿದ್ರು. ಹುಬ್ಬಳ್ಳಿ ಬ್ಯಾಂಕಿನ್ಯಾಗ ಅವರ ಹೆಸರಿಲೇ ನಾಲ್ಕು ಲಕ್ಷ ಇತ್ತು, ತವರಿನ ಹೊಲ ಮಾರಿದಾಗ ಬಂದ ಪಾಲು. ಅಲ್ಲಿ ಒಂದಿನ ಅವರ ಚಾಳೀಸು ಒಡೀತು. ಓದೋ ಚಾಳೀಸು ಅಲ್ಲಿ ಔಷಧಿ ಅಂಗಡ್ಯಾಗ ರೆಡಿಮೇಡ್ ಸಿಗ್ತಾವ, ಭಾಳಂದ್ರ ಹದಿನೈದು-ಇಪ್ಪತ್ತು ಡಾಲರಿನ ಮಾತು. ಅಂಗಡಿ ನಡಕೊಂಡು ಹೋಗೋವಷ್ಟು ಹತ್ತಿರ. ಆದ್ರ ಅಳಿಯನ್ನ ಕೇಳಾಕ ಅವರಿಗೆ ಎರಡು ದಿನ ಬೇಕಾತು. ಮಗಳು ಹಸೀ ಬಾಣಂತಿ, ಆಕಿಗೆ ಹೇಳಿ ಯಾಕ ತ್ರಾಸ ಕೊಡಬೇಕು ಅಂತ ಸುಮ್ಮನಿದ್ರು. ಆ ಎರಡು ದಿನ ತಮ್ಮ ಶುಗರ್ ಗುಳಿಗಿ ಯಾವುದು, ಬಿಪಿ ಗುಳಿಗಿ ಯಾವುದು ಅಂತ ಬಣ್ಣದ ಮ್ಯಾಲೆ ಗುರುತು ಹಿಡದು ನುಂಗ್ಯಾರ. ನಾಲ್ಕು ಲಕ್ಷದ ಒಡತಿ!

ಇದನ್ನ ಹೇಳಿದಾಗ ಗಂಡಸರ ಕಡಿಯಿಂದ ಬರೋ ಮೊದಲನೇ ಉತ್ತರ: "ಆಕಿಗೆ ಕಾರ್ಡಿಂದು ತಿಳಿಯಂಗಿಲ್ಲ."

ಏನು ತಿಳಿಯಂಗಿಲ್ರೀ? ಕ್ರೆಡಿಟ್ ಕಾರ್ಡ್ ಅಂದ್ರ ಏನು, ಉದ್ರಿ. ದುರ್ಗದಬೈಲಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಮೂವತ್ತು ವರ್ಷ ನಡಿಸಿದಾಕಿ ಯಾರು? ತಿಂಗಳ ಕಡೀಕ ಅಂಗಡ್ಯಾಂವ ಒಂದು ಕಿಲೋ ಬೆಲ್ಲ ಎರಡು ಸಲ ಬರದಿದ್ರ ಹಿಡದು ಕೇಳಿದಾಕಿ ಯಾರು? ಕಾರ್ಡಿನಾಗೂ ಅಷ್ಟ. ಒಂದು ತಾರೀಖು ತನಕ ತಗೋತೀರಿ, ಬಿಲ್ ಬರತೈತಿ, ಹೇಳಿದ ದಿನದೊಳಗ ಪೂರಾ ತುಂಬಿದ್ರ ಬಡ್ಡಿ ಇಲ್ಲ. ಪೂರಾ ತುಂಬದ "ಮಿನಿಮಮ್" ಅಂತ ಬರದಷ್ಟ ತುಂಬಿದ್ರ ತಿಂಗಳಿಗೆ ಮೂರೂವರಿ ಪರ್ಸೆಂಟಿನ ಆಸುಪಾಸು ಬಡ್ಡಿ ಹತ್ತತೈತಿ, ವರ್ಷಕ್ಕ 40 ಪರ್ಸೆಂಟ್ ದಾಟತೈತಿ. ಈ ಲೆಕ್ಕ ತಿಳಿಯಾಕ ಪಿಯುಸಿ ಸಾಕು, ನನಗ ತಿಳದೈತಿ. ಡೆಬಿಟ್ ಕಾರ್ಡ್ ಅಂದ್ರ ಸಾಸಿವಿ ಡಬ್ಬಿ. ಇದ್ದಷ್ಟು ತೆಗೀಬಹುದು, ಇಲ್ಲದಿದ್ರ ಇಲ್ಲ.

ಎರಡನೇ ಉತ್ತರ ಇನ್ನೂ ಜಾಣತನದ್ದು: "ನನ್ನ ಕಾರ್ಡಿನ ಮ್ಯಾಲೆ ಆಕಿಗೊಂದು ಆಡ್-ಆನ್ ಕಾರ್ಡ್ ಮಾಡಸೇನಿ." ಚಲೋ ಆತು, ಇಲ್ಲದಕ್ಕಿಂತ ವಾಸಿ. ಆದ್ರ ಅದರ ಮ್ಯಾಲೆ ಹೆಂಡ್ತಿ ಹೆಸರಿದ್ರೂ ಖಾತೆ ಗಂಡಂದು. ಬಿಲ್ ಗಂಡಗ ಬರತೈತಿ, ಮಿತಿ ಗಂಡನ ಮಿತಿಯೊಳಗ, ಮೂಲ ಖಾತೆ ಬಂದ್ ಆತಂದ್ರ ಇದೂ ಬಂದ್. ಆಕಿ ಮಮ್ಮಗಗ ಒಂದು ಅಂಗಿ ತಗೊಂಡ್ರ ಹುಬ್ಬಳ್ಳ್ಯಾಗ ಮಲಗಿದ ಯಜಮಾನರ ಫೋನು ಗುಂಯ್ ಅಂತೈತಿ. ಕೆಟ್ಟದ್ದು ಬಾಯಿಲೆ ಆಡಬಾರದು, ಆದ್ರ ಬರೀದ ಇರಾಕೂ ಆಗವಲ್ದು: ಯಜಮಾನರಿಗೆ ಏನಾದ್ರೂ ಆತಂದ್ರ, ಆ ಕಾರ್ಡು ಅವರ ಜೋಡಿನ ಮುಗೀತು. ಪರದೇಶದಾಗ ಇದ್ದ ಹೆಣ್ಣುಮಗಳಿಗೆ ಟಿಕೀಟು ತಗಸಿ ಲಗೂನ ಊರಿಗೆ ಬರಬೇಕಾದ ಹೊತ್ತಿನ್ಯಾಗ ಕೈಯಾಗಿನ ಕಾರ್ಡು ಬರೀ ಪ್ಲಾಸ್ಟಿಕ್.

ಮತ್ತ ಒಟಿಪಿ. ನಮ್ಮ ಮನಿಗೋಳ ಒಳಗ ಹೆಂಗಸಿನ ಖಾತೆಗೂ ಗಂಡನ ನಂಬರೋ ಮಗನ ನಂಬರೋ ಜೋಡಿಸಿರ್ತಾರ. ಇಲ್ಲಿ ಇರೋತನಕ ನಡೀತೈತಿ, ಒಳಗಿನ ಕೋಲಿಯಿಂದ ಒದರಿದ್ರ ಹೊರಗಿಂದ ನಂಬರ್ ಹೇಳ್ತಾರ. ನ್ಯೂಜೆರ್ಸಿಯೊಳಗ ಬ್ಯಾಸಿಗಿ ದಿನದಾಗ ಸಂಜಿ ನಾಲ್ಕು ಅಂದ್ರ ಹುಬ್ಬಳ್ಳ್ಯಾಗ ರಾತ್ರಿ ಒಂದೂವರಿ. ಅಲ್ಲಿ ಅಂಗಡ್ಯಾಗ ಕಾರ್ಡ್ ತಿಕ್ಕಾಕ ಒಟಿಪಿ ಬೇಕಾಗಂಗಿಲ್ಲ, ಖರೇ. ಆದ್ರ ಕಾರ್ಡಿನ ಮಿತಿ ಹೆಚ್ಚು ಮಾಡಬೇಕು, ಬ್ಯಾಂಕಿನ ಆ್ಯಪ್ ಹೊಸಾ ಫೋನಿಗೆ ಹಾಕಬೇಕು, ನಮ್ಮ ದೇಶದ ವಿಮಾನದ ಟಿಕೀಟಿನ ತಾರೀಖು ಬದಲಿ ಮಾಡಿ ರೊಕ್ಕ ತುಂಬಬೇಕು ಅಂದ್ರ ಬೇಕೇ ಬೇಕು. ಅದಕ್ಕ ಹೋಗೋಕ್ಕಿಂತ ಮೊದಲ ಬ್ಯಾಂಕಿನ್ಯಾಗ ಆಕಿ ಸ್ವಂತ ನಂಬರ್ ಜೋಡಿಸಬೇಕು, ಆ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗ್ ಇಲ್ಲಿಂದನ ಚಾಲೂ ಮಾಡಿಸಬೇಕು. ಅಲ್ಲಿ ಹೋದ ಮ್ಯಾಲೆ ಮಗಳು ಹೊಸಾ ಸಿಮ್ ಹಾಕಿ ಕೊಡ್ತಾಳ, ಹಳೇ ಸಿಮ್ ಚಾಳೀಸಿನ ಡಬ್ಬಿಗೆ ಹೋಗತೈತಿ. ಹಂಗ ಮಾಡಬ್ಯಾಡ್ರಿ, ಎರಡು ಸಿಮ್ ಹಿಡಿಯೋ ಫೋನ್ ಇರಲಿ.

"ಪಿನ್ ಮಗಗ ಗೊತ್ತೈತಿ, ಆಂವ ನೋಡ್ಕೋತಾನ" ಅನ್ನೋ ಅಕ್ಕಗೋಳಿಗೆ ಒಂದು ಖರೇ ಸಂಗತಿ ಹೇಳ್ತೀನಿ. 2013ರ ನವೆಂಬರಿನ್ಯಾಗ ಬೆಂಗಳೂರಾಗ ಹೆರಿಗೆ ರಜಾದಾಗ ಇದ್ದ ಒಬ್ಬ ಹೆಣ್ಣುಮಗಳು ತನ್ನ ಸ್ಟೇಟ್ ಬ್ಯಾಂಕ್ ಎಟಿಎಂ ಕಾರ್ಡು, ಪಿನ್ನು ಗಂಡನ ಕೈಯಾಗ ಕೊಟ್ಟು 25,000 ರೂಪಾಯಿ ತಗೊಂಡು ಬರ್ರಿ ಅಂತ ಕಳಿಸ್ಯಾಳ. ಮಶೀನಿನಿಂದ ಚೀಟಿ ಬಂತು, ರೊಕ್ಕ ಬರಲಿಲ್ಲ, ಖಾತೆಯಿಂದ ಕಟ್ ಆತು. ಗ್ರಾಹಕರ ವೇದಿಕೆಗೆ ಹೋಗಿ ವರ್ಷಗಟ್ಲೆ ಬಡದಾಡಿದ್ಲು. 2018ರ ಮೇ ತಿಂಗಳದಾಗ ತೀರ್ಪು ಬ್ಯಾಂಕಿನ ಕಡೆ ಆತು. ಕಾರಣ, ಪಿನ್ ಇನ್ನೊಬ್ಬರಿಗೆ ಕೊಡಬಾರದಿತ್ತು, ಆ ಇನ್ನೊಬ್ಬ ಕಟಗೊಂಡ ಗಂಡ ಇದ್ರೂ ಅಷ್ಟ. ಅಂದ್ರ ಕಾನೂನಿನ ಕಣ್ಣಿನ್ಯಾಗ ಕಾರ್ಡು ಆಕಿ ಒಬ್ಬಾಕಿದು. ಮನ್ಯಾಗ ಮಾತ್ರ ಅದು ಎಲ್ಲಾರದು. ಆ ಬಾಣಂತಿ ಎದ್ದು ಎಟಿಎಂಗೆ ಹೋಗಬೇಕಿತ್ತೇನು ಅಂತ ನನಗೂ ಸಿಟ್ಟು ಬರತೈತಿ. ಆದ್ರ ನಿಯಮ ಅದ ಐತಿ, ಮತ್ತ ಅದು ಗೊತ್ತಿದ್ದ ಮ್ಯಾಲೂ ಊರ ಮಂದಿಗೆಲ್ಲಾ ಪಿನ್ ಹಂಚಿದ್ರ ರೊಕ್ಕ ಹೋದ ದಿನ ಕೇಳವರು ಯಾರೂ ಇರಂಗಿಲ್ಲ.

ಈಗ ಬ್ಯಾಂಕಿನವರ ಕಡೆ ಬರೋಣು. ನಾನು ಹೋಗೋಕ್ಕಿಂತ ಮೊದಲ ನನ್ನ ಖಾತೆ ಇದ್ದ ಬ್ಯಾಂಕಿಗೆ ಹೋಗಿ, "ನನ್ನ ಕಾರ್ಡು ಹೊರದೇಶಕ್ಕ ನಡಿಯೋಹಂಗ ಮಾಡಿಕೊಡ್ರಿ" ಅಂದೆ. ಕೌಂಟರಿನ್ಯಾಗ ಕುಂತ ಹುಡುಗ ಮಾರಿ ಎತ್ತಿ ಸುದ್ದಾ ನೋಡಲಿಲ್ಲ. "ಮನಿಯವರನ್ನ ಕರಕೊಂಡು ಬರ್ರಿ ಆಂಟಿ" ಅಂದ. ಖಾತೆ ನಂದು, ಸಹಿ ನಂದು, ಮನಿಯವರು ಬಂದು ಏನು ಮಾಡ್ತಾರ? ನಾನು ಅಲ್ಲೇ ಕುಂತೆ. ಇದು ಯಾವ ನಿಯಮದಾಗ ಐತಿ ತೋರಸ್ರಿ ಅಂತ ಮ್ಯಾನೇಜರ್ ಮುಂದ ಕೇಳಿದ ಮ್ಯಾಲೆ ಹತ್ತು ನಿಮಿಷದಾಗ ಕೆಲಸ ಆತು.

ನಿಯಮ ಏನೈತಿ ಅಂದ್ರ, 2020ರ ಜನವರಿ ತಿಂಗಳದಾಗ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಹೊಸಾದಾಗಿ ಕೊಡೋ ಕಾರ್ಡು ದೇಶದೊಳಗಿನ ಎಟಿಎಂ ಮತ್ತ ಅಂಗಡಿ ಮಶೀನಿಗೆ ಅಷ್ಟ ತೆರೆದಿರಬೇಕು. ಹೊರದೇಶದ ಬಳಕೆ ಕಾರ್ಡಿನವರು ತಾವ ಬೇಕಂತ ಚಾಲೂ ಮಾಡಿಕೋಬೇಕು. ಅದನ್ನ ಚಾಲೂ-ಬಂದ್ ಮಾಡಾಕ, ದಿನಕ್ಕ ಇಷ್ಟ ಅಂತ ಮಿತಿ ಹಾಕಾಕ, ಆ್ಯಪಿನ್ಯಾಗ, ನೆಟ್ ಬ್ಯಾಂಕಿಂಗಿನ್ಯಾಗ, ಎಟಿಎಂನ್ಯಾಗ ಹಗಲಿ-ರಾತ್ರಿ ಸೌಲತ್ತು ಕೊಡಬೇಕು ಅಂತ ಬ್ಯಾಂಕಿಗೆ ಅಪ್ಪಣೆ ಐತಿ. ದುಬೈ ಟೂರಿಗೆ ಹೋದವರು "ನಮ್ಮ ಕಾರ್ಡ್ ನಡೀಲಿಲ್ಲ, ಮಾನಾ ಹೋತು" ಅಂತ ಬಂದು ಹೇಳ್ತಾರಲ್ಲಾ, ಹೆಚ್ಚಿನವರದು ಇದ ಕಥಿ. ಕಾರ್ಡ್ ಕೆಟ್ಟಿರಂಗಿಲ್ಲ, ಬಾಗಲಾ ತೆಗೆದಿರಂಗಿಲ್ಲ. ನಿಯಮ ಚಲೋ ಐತಿ ಅಂತನ ನಾನು ಅಂತೀನಿ. ಆದ್ರ ಕಾರ್ಡ್ ಕೊಡೋ ದಿನ ಕನ್ನಡದಾಗ ನಾಲ್ಕು ಸಾಲು ಬರದು ಕೊಟ್ರ ಬ್ಯಾಂಕಿನವರ ಗಂಟೇನು ಹೋಗತೈತಿ? ವಿಮೆ ಮಾರಾಕ ಫೋನ್ ಮಾಡುವಾಗ ಮಾತ್ರ ಎಂಥಾ ಸವಿ ಕನ್ನಡ ಬರತೈತಿ ಅವರಿಗೆ.

ಖರ್ಚಿನ ಮಾತು ಬರತೈತಿ ಈಗ. "ಕಾರ್ಡ್ ತಿಕ್ಕಿದ್ರ ಕೊಯ್ತಾರ" ಅಂತಾರ. ಕೊಯ್ತಾರ, ಸುಳ್ಳಲ್ಲ. ಎಷ್ಟು ಕೊಯ್ತಾರ ಅಂತ ಲೆಕ್ಕಾ ಹಾಕಿ ನೋಡ್ರಿ. ಲೆಕ್ಕಕ್ಕಂತ ಡಾಲರಿಗೆ 85 ರೂಪಾಯಿ ಹಿಡಿಯೋಣು. ನೂರು ಡಾಲರಿನ ಸಾಮಾನು ತಂದ್ರ 8,500 ಆತು. ಅದರ ಮ್ಯಾಲೆ ಬ್ಯಾಂಕು ಮಾರ್ಕಪ್ ಅಂತ ಹಾಕತೈತಿ, ಸಾಮಾನ್ಯ ಕಾರ್ಡಿಗೆ 3.5 ಪರ್ಸೆಂಟ್ ತನಕ. 297 ರೂಪಾಯಿ 50 ಪೈಸಾ. ಆ ಮಾರ್ಕಪ್ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ, 53 ರೂಪಾಯಿ 55 ಪೈಸಾ. ಕೂಡಿ 351 ರೂಪಾಯಿ. ಅದ 2 ಪರ್ಸೆಂಟಿನ ಕಾರ್ಡ್ ಇದ್ರ 200 ರೂಪಾಯಿ ಚಿಲ್ಲರ. ಅಂದ್ರ ಒಂದ ಅಂಗಡಿ, ಒಂದ ಸಾಮಾನು, ಕಾರ್ಡ್ ನೋಡಿ ಆರಿಸಿಕೊಂಡ್ರ 150 ರೂಪಾಯಿ ಉಳಿತು. ಸಂತ್ಯಾಗ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಶಿ ಮಾಡೋ ನಾವು, ಕಾರ್ಡ್ ತಗೊಳ್ಳುವಾಗ "ಮಾರ್ಕಪ್ ಎಷ್ಟ್ರಿ" ಅಂತ ಒಂದು ಮಾತು ಕೇಳಾಕ ಯಾಕ ನಾಚಬೇಕು?

ಎಟಿಎಂನ್ಯಾಗ ನೋಟು ತೆಗೆದ್ರ ಬ್ಯಾರೇನ. ನಮ್ಮ ಬ್ಯಾಂಕು ಪ್ರತಿ ಸಲಕ್ಕ ನೂರರ ಮ್ಯಾಲೆ ಫೀಸ್ ಹಾಕತೈತಿ, ಅಲ್ಲಿ ಮಶೀನಿನವನೂ ಬಿಡಂಗಿಲ್ಲ. ಅದಕ್ಕ ಇಪ್ಪತ್ತಿಪ್ಪತ್ತು ಡಾಲರ್ ಹತ್ತು ಸಲ ತೆಗೆಯೋದು ಮೂರ್ಖತನ, ಒಮ್ಮೆ ತೆಗೆದು ಇಟ್ಕೋಬೇಕು. ಮತ್ತ ಕ್ರೆಡಿಟ್ ಕಾರ್ಡಿನಿಂದ ಮಾತ್ರ ಎಂದೂ ನೋಟು ತೆಗೀಬಾರದು. ಅದಕ್ಕ ತೆಗೆದ ದಿನದಿಂದನ ಬಡ್ಡಿ ಹತ್ತತೈತಿ, ಮ್ಯಾಲೆ ಅದಕ್ಕೊಂದು ಬ್ಯಾರೆ ಫೀಸ್.

ಇವೆಲ್ಲಾ ಹೇಳಿ ತಗೊಳ್ಳೋ ರೊಕ್ಕ ಆತು. ಹೇಳದನ ತಗೊಳ್ಳೋದು ಇನ್ನೊಂದೈತಿ. ಅಂಗಡ್ಯಾಗ ಕಾರ್ಡ್ ಹಚ್ಚಿದಾಗ ಮಶೀನು ನಮ್ಮ ಕಾರ್ಡ್ ಭಾರತದ್ದು ಅಂತ ಗುರುತು ಹಿಡದು, "ರೂಪಾಯಿದಾಗ ಕೊಡ್ತೀರೋ, ಡಾಲರಿನ್ಯಾಗ ಕೊಡ್ತೀರೋ" ಅಂತ ಕೇಳತೈತಿ. ಯೂರೋಪು, ಸಿಂಗಾಪುರ, ದುಬೈ ಕಡೆ ಇದು ಭಾಳ. ನಮ್ಮ ರೂಪಾಯಿ ಅಂತ ಪ್ರೀತಿಯಿಂದ ಅದನ್ನ ಒತ್ತಿದ್ರ ಕೆಟ್ರಿ. ರೂಪಾಯಿ ದರ ಆವಾಗ ಅಂಗಡಿ ಕಡೆಯವರು ಹಾಕ್ತಾರ, ತಮ್ಮ ಲಾಭ ಇಟಗೊಂಡ ಹಾಕ್ತಾರ. ಅದು ಸಾಲದಂಗ ನಮ್ಮ ಕೆಲವು ಬ್ಯಾಂಕು ಅಂಥಾ ರೂಪಾಯಿ ವ್ಯವಹಾರದ ಮ್ಯಾಲೂ ಮತ್ತೊಂದು ಪರ್ಸೆಂಟ್ ಹಾಕ್ತಾವ. ಯಾವ ದೇಶದಾಗ ನಿಂತೀರಿ ಆ ದೇಶದ ರೊಕ್ಕಾನ ಒತ್ತಬೇಕು. ಎಟಿಎಂನ್ಯಾಗೂ ಹಂಗ.

2023ರಾಗ ಇನ್ನೊಂದು ಗುಮ್ಮ ಹುಟ್ಟಿತ್ತು, ಇನ್ನೂ ಸತ್ತಿಲ್ಲ. ಹೊರದೇಶದಾಗ ಕಾರ್ಡ್ ತಿಕ್ಕಿದ್ರ 20 ಪರ್ಸೆಂಟ್ ಟ್ಯಾಕ್ಸ್ ಅಂತ. ಆ ವರ್ಷದ ಮೇ ತಿಂಗಳದಾಗ ಸರಕಾರ ಕ್ರೆಡಿಟ್ ಕಾರ್ಡಿನ ಖರ್ಚನ್ನೂ ಹೊರದೇಶಕ್ಕ ಕಳಸೋ ರೊಕ್ಕದ ಮಿತಿಯೊಳಗ ಸೇರಿಸಾಕ ಹೊಂಟಿದ್ದು ಖರೇ. ಮಂದಿ ಬೊಬ್ಬಿ ಹೊಡದ್ರು, ಜೂನ್ 28ಕ್ಕ ಅದನ್ನ ಮುಂದಕ್ಕ ಹಾಕಿದ್ರು. ಅಲ್ಲೇ ಇದ್ದು ಕ್ರೆಡಿಟ್ ಕಾರ್ಡಿನಿಂದ ಮಾಡೋ ಖರ್ಚಿಗೆ ಆ ಕಟಾವು ಇಲ್ಲ. ಡೆಬಿಟ್ ಕಾರ್ಡು, ಫಾರೆಕ್ಸ್ ಕಾರ್ಡು ಆ ಲೆಕ್ಕದಾಗ ಬರ್ತಾವ, ಆದ್ರ 2025ರ ಏಪ್ರಿಲ್‌ನಿಂದ ವರ್ಷಕ್ಕ ಹತ್ತು ಲಕ್ಷ ದಾಟಿದ ಮ್ಯಾಲೆ ಅಷ್ಟ. ಕೂಸಿಗೆ ಡೈಪರ್ ತರೋ ಅಜ್ಜಿ ಹತ್ತು ಲಕ್ಷ ಎಲ್ಲಿಂದ ದಾಟಬೇಕ್ರಿ? ಹೆಂಡ್ತಿಗೆ ಕಾರ್ಡ್ ಕೊಡದಿರಾಕ ಒಂದು ನೆವಾ ಬೇಕಿತ್ತು, ಸಿಕ್ಕಿತ್ತು.

"ನೋಟು ಕೊಟ್ಟು ಕಳಸ್ತೀವಲ್ಲಾ" ಅನ್ನವರೂ ಇದ್ದಾರ. ಇಲ್ಲಿಂದ ಹೋಗುವಾಗ ಒಮ್ಮೆ 3,000 ಡಾಲರ್ ತನಕ ನೋಟು ಒಯ್ಯಾಕ ಬರತೈತಿ. ಅಷ್ಟನ್ನ ಲಂಗಕ್ಕ ಕಿಸೆ ಹೊಲಸಿಕೊಂಡು, ಹದಿನೆಂಟು-ಇಪ್ಪತ್ತು ತಾಸು ಕುಂತಲ್ಲೇ ಮುಟ್ಟಿ ಮುಟ್ಟಿ ನೋಡ್ಕೋತ ಹೋಗೋ ಹೆಂಗಸರನ್ನ ನಾನು ನೋಡೇನಿ. ನೋಟು ಹೋತಂದ್ರ ಹೋತು, ಯಾರಿಗೆ ಫೋನ್ ಮಾಡಿ ಬಂದ್ ಮಾಡಸ್ತೀರಿ? ಮತ್ತ ನೋಟು ಎಲ್ಲಾ ಕಡೆ ನಡಿಯಂಗೂ ಇಲ್ಲ. ಲಂಡನ್ನಿನ ಬಸ್ಸಿನ್ಯಾಗ 2014ರಿಂದ ರೊಕ್ಕನ ತಗೊಳ್ಳಂಗಿಲ್ಲ. ಥೇಮ್ಸ್ ನದಿ ದಂಡಿಮ್ಯಾಗ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ್ಯಾಗ ನಮ್ಮ ಬಸವಣ್ಣನ ಮೂರ್ತಿ ಐತಿ, 2015ರ ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನಮ್ಮ ಕಡೆಯವರು ಯಾರು ಹೋದ್ರೂ ಅಲ್ಲೊಂದು ಫೋಟೋ ತಗಸ್ಕೊಂಡ ಬರೋದು. ಅಲ್ಲಿ ತನಕ ಒಬ್ಬಾಕಿನ ಬಸ್ಸಿಗೆ ಹೋಗಿ ನೋಡ್ಕೊಂಡು ಬರ್ತೀನಿ ಅಂದ್ರ ಬಸ್ಸಿನ ಹಳದಿ ಮಶೀನಿಗೆ ಮುಟ್ಟಸಾಕ ಕಾರ್ಡ್ ಬೇಕು, ಅಥವಾ ಅವರ ಆಯಿಸ್ಟರ್ ಕಾರ್ಡ್ ಕೊಳ್ಳಬೇಕು. ಮೆಟ್ರೋದಾಗ ಆದ್ರ ಒಳಗ ಹೋಗುವಾಗ ಮುಟ್ಟಿಸಿದ ಕಾರ್ಡನ್ನ ಹೊರಗ ಬರುವಾಗನೂ ಮುಟ್ಟಸಬೇಕು. ಬಸವಣ್ಣ ಬಿಜ್ಜಳನ ಭಂಡಾರಿ ಇದ್ದಾಂವ, ರೊಕ್ಕದ ಲೆಕ್ಕ ಬಲ್ಲಾಂವ. ಆತನ ದರ್ಶನಕ್ಕ ಹೊಂಟಾಕಿ ಬಸ್ಸಿನ ರೊಕ್ಕಕ್ಕ ಅಳಿಯನ ಮಾರಿ ನೋಡೋದು ಅಂದ್ರೇನು?

ಫೋನಿನ ಸ್ಕ್ಯಾನರ್ ನಂಬಿ ಹೋಗವರು ಇನ್ನೂ ಮಜಾ. ನಮ್ಮ ಯುಪಿಐ 2021ರಾಗ ಭೂತಾನಿಗೆ, 2024ರ ಫೆಬ್ರುವರಿಯೊಳಗ ಶ್ರೀಲಂಕಾ, ಮಾರಿಷಸ್ಸಿಗೆ, ಪ್ಯಾರಿಸ್ಸಿನ ಐಫೆಲ್ ಟವರಿಗೂ ಹೋಗೈತಿ, ಹೆಮ್ಮೆಯ ಮಾತು. ಆದ್ರ ಅಮೆರಿಕಾದ ಕಿರಾಣಿ ಅಂಗಡ್ಯಾಗ ಕಟ್ಟಿಮ್ಯಾಲೆ ಸ್ಕ್ಯಾನರ್ ಹುಡಕಬ್ಯಾಡ್ರಿ. ಹಂಗ, ಜನಧನ ಖಾತೆಗೆ ಕೊಟ್ಟ ಸಾದಾ ರುಪೇ ಕಾರ್ಡು ದೇಶದೊಳಗಿನದ್ದು. ಹೊರಗ ನಡಿಯೋ ರುಪೇ ಬ್ಯಾರೆ ಬರತೈತಿ, ಇಲ್ಲಾ ವೀಸಾ, ಮಾಸ್ಟರ್ ಕಾರ್ಡ್ ಮಾಡಿಸಬೇಕು.

"ಪಗಾರ ಇಲ್ಲದ ಹೆಂಗಸಿಗೆ ಕ್ರೆಡಿಟ್ ಕಾರ್ಡ್ ಯಾರು ಕೊಡ್ತಾರ?" ಕೊಡ್ತಾರ. ನಿಮ್ಮ ಹೆಸರಿಲೇ ಒಂದು ಎಫ್‌ಡಿ ಇಡ್ರಿ, ಅದರ ಮ್ಯಾಲೆ ಕಾರ್ಡ್ ಕೊಡೋ ಬ್ಯಾಂಕು ಈಗ ಭಾಳ ಅದಾವ. ಪಗಾರದ ಚೀಟಿ ಕೇಳಂಗಿಲ್ಲ. ಅಮೆರಿಕಾದಾಗ ಅಂಗಡಿ, ಹೊಟೇಲಿಗೆ ಇದ ಚಲೋ, ಯಾಕಂದ್ರ ಹೊಟೇಲಿನವರು ಮೊದಲ ಒಂದಿಷ್ಟು ರೊಕ್ಕ ಹಿಡದಿಟ್ಟು ಆಮ್ಯಾಲೆ ಬಿಡ್ತಾರ. ಡೆಬಿಟ್ ಕಾರ್ಡಿನ್ಯಾಗ ಅದು ನಿಮ್ಮ ಖಾತೆ ರೊಕ್ಕನ, ಬಿಡೋತನಕ ನಿಮಗ ಇಲ್ಲದಂಗ. ಡೆಬಿಟ್ ಕಾರ್ಡನ್ನ ಸಣ್ಣ ಖಾತೆ ಒಂದಕ್ಕ ಮಾಡಿಸಿ, ಅದರಾಗ ಬೇಕಾದಷ್ಟ ಹಾಕಿ, ಎಟಿಎಂಗೆ ಅಂತ ಇಟ್ಕೊಳ್ರಿ. ಹೊಲ ಮಾರಿದ ರೊಕ್ಕ ಇದ್ದ ಖಾತೆ ಕಾರ್ಡ್ ಒಯ್ಯಬ್ಯಾಡ್ರಿ. ಎರಡೂ ಕಾರ್ಡು ಎರಡು ಬ್ಯಾರೆ ಬ್ಯಾಂಕಿನವು ಇರಲಿ, ಒಂದ ಪಾಕೀಟಿನ್ಯಾಗ ಇಡೋದು ಬ್ಯಾಡ. ಪೆಟ್ರೋಲ್ ಪಂಪಿನ್ಯಾಗ ಮಶೀನು ಅಲ್ಲಿನ ಪಿನ್‌ಕೋಡ್ ಕೇಳಿ ನಮ್ಮ ಕಾರ್ಡು ಒಲ್ಲೆ ಅಂದ್ರ ಅಂಜಬ್ಯಾಡ್ರಿ, ಒಳಗ ಕುಂತವನ ಹತ್ರ ಹೋಗಿ ಕೊಟ್ರ ನಡೀತೈತಿ.

ಕಾರ್ಡ್ ಕಳದ್ರ? ಇದ ದೊಡ್ಡ ಅಂಜಿಕಿ, ಮತ್ತ ಅಂಜಬೇಕಾದ್ದ. ಹೊರದೇಶದ ಎಷ್ಟೋ ಆನ್‌ಲೈನ್ ಅಂಗಡಿಗೋಳು ಒಟಿಪಿ ಕೇಳಂಗಿಲ್ಲ, ಕಾರ್ಡಿನ ನಂಬರು, ತಾರೀಖು, ಹಿಂದಿನ ಮೂರು ಅಂಕಿ ಇದ್ರ ಸಾಕು. ಅದಕ್ಕ ಆ್ಯಪಿನ್ಯಾಗ ಹೊರದೇಶದ ಆನ್‌ಲೈನ್ ಬಾಗಲಾ ಮುಚ್ಚಿ, ಅಂಗಡಿ ಬಾಗಲಾ ಅಷ್ಟ ತೆರದಿಡ್ರಿ. ನೀವು ಯಾರಿಗೂ ಏನೂ ಹೇಳಿಲ್ಲ, ಬ್ಯಾಂಕಿನ ತಪ್ಪೂ ಅಲ್ಲ, ಆದ್ರೂ ಮೂರನೇದವರು ರೊಕ್ಕ ಹೊಡದ್ರು ಅಂದ್ರ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗ ತಿಳಿಸಿದ್ರ ನಿಮ್ಮ ಮ್ಯಾಲೆ ಒಂದು ಪೈಸಾ ಹೊಣಿ ಇಲ್ಲ, 2017ರ ಜುಲೈದಾಗ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಅದು. ತಡಾ ಮಾಡಿದಷ್ಟೂ ಹೊಣಿ ಬೆಳೀತೈತಿ. ಈಗ ಹೇಳ್ರಿ, ಆ ಮೆಸೇಜ್ ಯಜಮಾನರ ಫೋನಿಗೆ ಬಂದು, ಅವರು ಅದನ್ನ ನೋಡದ, ನೋಡಿದ್ರೂ ಇಂಗ್ಲೀಷಿನ್ಯಾಗ ಐತಿ ಅಂತ ಬಿಟ್ರ, ಮೂರು ದಿನ ಹೋಗೋದು ಯಾರಿಗೆ ಗೊತ್ತಾಗತೈತಿ? ಕಾರ್ಡಿನ ಹಿಂದಿರೋ ಫೋನ್ ನಂಬರು ಕಾರ್ಡಿನ ಜೋಡಿನ ಕಳೀತೈತಿ, ಅದಕ್ಕ ಅದನ್ನ ಬ್ಯಾರೆ ಕಡೆ, ನಮ್ಮ ದೇಶದ 91 ಹಚ್ಚಿ ಬರದಿಟ್ಕೊಳ್ರಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟ ಮ್ಯಾಲೂ ಬಗ್ಗಲಿಲ್ಲಂದ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಾಕ ಬರತೈತಿ. ಅದಕ್ಕ ಮಾಹಿತಿ ಬೇಕಾದ್ರ 14448 ಐತಿ, ಊರಿಗೆ ಬಂದು ಮಾಡ್ರಿ, ಕನ್ನಡದಾಗೂ ಮಾತಾಡ್ತಾರ.

ಈ ಎಲ್ಲಾ ಕೆಲಸ ಹೊಂಡೋಕ್ಕಿಂತ ಒಂದು ತಿಂಗಳ ಮೊದಲ ಶುರು ಮಾಡ್ರಿ. ಕಾರ್ಡು ಟಪಾಲಿನ್ಯಾಗ ಬರಬೇಕು, ಪಿನ್ನು ನೀವ ಇಡಬೇಕು, ಹುಬ್ಬಳ್ಳ್ಯಾಗನ ಒಂದೆರಡು ಅಂಗಡ್ಯಾಗ ತಿಕ್ಕಿ ಕೈ ರೂಢಿ ಆಗಬೇಕು. ಅಂಟಿನುಂಡಿ ಮಾತ್ರ ಕಡೀ ವಾರಕ್ಕ ಕಟ್ರಿ, ಮೊದಲ ಕಟ್ಟಿದ್ರ ಅಲ್ಲಿ ಹೋಗೋದ್ರೊಳಗ ಮುಗ್ಗಲ ವಾಸನಿ ಬರತೈತಿ.